ಮೇಲ್ವಿಚಾರಕಿ ಬೆನ್ನು ತಿರುಗಿಸುವ ಹೊತ್ತು

ಹೆಮ್ಮಾಡಿಯಲ್ಲಿ ಬಸ್ಸಿಳಿದು ಒಳರಸ್ತೆ ಹಿಡಿದರೆ ಗೇಟು ಕಾಣುವ ಮೊದಲೇ ಆ ಕಾರ್ಖಾನೆಯ ವಾಸನೆ ಸಿಗುತ್ತದೆ. ಬೆಂದ ಗೇರುಬೀಜದ ಕಮಟು ವಾಸನೆ. ಅದರ ಹಿಂದೆಯೇ ನಗು. ಸಿಪ್ಪೆ ತೆಗೆಯುವ ಹೆಂಗಸರು ನಗುವುದು ರಸ್ತೆಯಲ್ಲಿ ನಿಂತವರಿಗೂ ಕೇಳುತ್ತಿತ್ತು. ಹಾಗೆ ನಗುವ ಕೆಲಸದ ಜಾಗ ನಾನು ಹೆಚ್ಚು ನೋಡಿಲ್ಲ. ಆದರೆ ನನ್ನದೇ ಅಳತೆ ಮುಗಿದಾಗ, ಇಡೀ ಕಾರ್ಖಾನೆಯಲ್ಲಿ ಹೇಳುವವರು ಕೇಳುವವರಿಲ್ಲದೆ ಒಂಟಿಯಾಗಿ ದುಡಿಯುವವರು ಇದೇ ಹೆಂಗಸರು ಎಂದು ಉತ್ತರ ಬಂತು.

ಕೆಲಸದ ಜಾಗದಲ್ಲಿ ಜನ ಹೇಗಿದ್ದಾರೆ ಎಂದು ಅಳೆಯುವುದು ನನ್ನ ಉದ್ಯೋಗ. ಹೊಟ್ಟೆಪಾಡಿಗೆ ದಿನ ದೂಡುತ್ತಿದ್ದಾರೋ ಅಥವಾ ಆ ಕೆಲಸದಲ್ಲಿ ಅವರಿಗೊಂದು ಕಳೆ ಇದೆಯೋ ಎಂಬುದನ್ನು ಪ್ರಶ್ನೆ ಕೇಳಿ, ಉತ್ತರ ಎಣಿಸಿ ಹೇಳಬೇಕು. ಇದನ್ನು ಕೇಳಿದವರೆಲ್ಲ ಒಂದು ಸಲ ನಗುತ್ತಾರೆ. ನಮ್ಮ ಸಾಲಿಗ್ರಾಮದ ಮನೆಯಲ್ಲಿ ಇವತ್ತಿಗೂ ನಾನು ಎಂತ ಕೆಲಸ ಮಾಡುತ್ತೇನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆ ಕಾರ್ಖಾನೆಯ ಹೆಂಗಸರು ಮಾತ್ರ ಮೊದಲ ದಿನವೇ ಅರ್ಥಮಾಡಿಕೊಂಡು ನನಗೊಂದು ಹೆಸರಿಟ್ಟರು.

"ಹ್ವಾಯ್, ಖುಷಿ ತೂಕ ಮಾಡುವ ಮೇಡಂ ಬಂದ್ರ್ ಕಾಣಿ" ಎಂದು ತ್ರಾಸಿಯಿಂದ ಬರುವ ಹಿರಿಯ ಹೆಂಗಸು ಕೂಗಿದರು. "ನಂದ್ ಮೊದ್ಲ್ ತೂಕ ಮಾಡಿ. ಇವತ್ತ್ ಬಸ್ಸಗ್ ಕೂಕಂಬುಕೆ ಜಾಗ ಸಿಕ್ಕಿತ್ತ್."

ಈ ಅಳತೆ ಮಾಲಕರಿಗೆ ಬೇಕಾದದ್ದು ಹೊರದೇಶದ ಖರೀದಿದಾರರಿಗಾಗಿ. ತಿರುಳು ಎಷ್ಟು ಬಿಳಿ, ಎಷ್ಟು ಇಡಿ ಎಂದು ನೋಡುತ್ತಿದ್ದವರು ಈಗ ಅದನ್ನು ಸುಲಿದ ಕೈಗಳು ನೆಮ್ಮದಿಯಲ್ಲಿವೆಯೇ ಎಂದೂ ಕೇಳುತ್ತಿದ್ದರು. ಯಾವ ವಿಭಾಗದಲ್ಲಿ ಒಗ್ಗಟ್ಟು ಮತ್ತು ಮೇಲ್ವಿಚಾರಣೆಯ ಅಂಕ ತೀರ ಕೆಳಗಿದೆಯೋ ಅಲ್ಲಿಯ ಮುಖ್ಯಸ್ಥರನ್ನು ಬದಲಾಯಿಸಿ ತೋರಿಸಬೇಕೆಂಬುದು ಅವರ ಷರತ್ತು. ಮಾಲಕರು ಇದನ್ನು ಕಾಟಾಚಾರಕ್ಕೆ ಮಾಡಿಸಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅವರ ಬ್ರಹ್ಮಾವರದ ಘಟಕದಲ್ಲಿ ನಾನು ಅಳತೆ ಮುಗಿಸಿದಾಗ, ಕುಡಿಯುವ ನೀರಿನ ಬಗ್ಗೆ ಬಂದ ಒಂದು ದೂರಿಗೆ ಆ ವಾರವೇ ಹೊಸ ಟಾಂಕಿ ಕೂರಿಸಿದವರು ಅವರು.

ಖರೀದಿದಾರರು ಕಳಿಸಿದ ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಅವನ್ನು ಬಾಯಲ್ಲಿ ಆಡುವ ಹಾಗೆ ಮಾಡುವುದು ಮೊದಲ ಕೆಲಸ. 'ನಿಮ್ಮ ಕೆಲಸ ನಿಮಗೆ ಸ್ಫೂರ್ತಿ ನೀಡುತ್ತದೆಯೇ' ಎಂದು ಕೇಳಿದರೆ ಆ ಶೆಡ್ಡಿನಲ್ಲಿ ಊಟದ ಹೊತ್ತಿನವರೆಗೆ ನಗುವುದಕ್ಕೆ ಅದೊಂದೇ ಸಾಕಾಗುತ್ತಿತ್ತು. ಅದನ್ನು 'ಬೆಳಿಗ್ಗೆ ಎದ್ದಾಗ ಕೆಲಸಕ್ಕೆ ಹೊರಡುವ ಮನಸ್ಸು ಇರುತ್ತದೆಯೇ' ಎಂದು ಮಾಡಿದೆ. 'ಸಹೋದ್ಯೋಗಿಗಳ ಬೆಂಬಲ' ಎಂಬುದು 'ಕೆಲಸ ಕಷ್ಟವಾದಾಗ ಜೊತೆಯವರು ಕೈಜೋಡಿಸುತ್ತಾರೆಯೇ' ಎಂದಾಯಿತು. 'ಮೇಲ್ವಿಚಾರಕರ ಸ್ಪಂದನೆ' ಎಂಬುದು 'ನಿಮ್ಮ ಕಷ್ಟ ಮೇಲ್ವಿಚಾರಕಿ ಕೇಳುತ್ತಾರೆಯೇ' ಎಂದಾಯಿತು. ಈ ಎರಡು ಪ್ರಶ್ನೆಗಳನ್ನು ತಿದ್ದಿದ್ದಕ್ಕೆ ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದೆ. ಅವೇ ಎರಡು ನನ್ನನ್ನು ಆಟ ಆಡಿಸಲಿದ್ದವು.

ಪರೀಕ್ಷಾರ್ಥವಾಗಿ ಒಂದು ಮೇಜಿನವರಿಗೆ ಹಾಳೆ ಹಂಚಿದೆ. ತಿರುಗಿ ಬರುವಷ್ಟರಲ್ಲಿ ಎಲ್ಲ ಹಾಳೆಗಳೂ ಕನ್ನಡಕ ಇದ್ದ ಒಬ್ಬ ಹೆಂಗಸಿನ ಮುಂದೆ ಸೇರಿದ್ದವು. ಒಂದೇ ಪೆನ್ನು, ಒಂದೇ ಕೈ, ಎಲ್ಲರಿಗೂ ಒಂದೇ ಉತ್ತರ.

"ಹೀಂಗ್ ಮಾಡುಕಾಗ, ಒಬ್ಬೊಬ್ರೇ ಬರೀಕ್" ಎಂದೆ.

"ನಮ್ದೆಲ್ಲ ಒಂದೇ ಅಲ್ದಾ ಮೇಡಂ. ಬೇರೆ ಬೇರೆ ಬರೂದ್ ಎಂತಕೆ?" ಎಂದರು ತ್ರಾಸಿಯವರು.

ಹಾಳೆ ಬಿಟ್ಟು ಡಬ್ಬಿ ಹಿಡಿದೆ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಪರದೆ ಕಟ್ಟಿ, ಅದರ ಹಿಂದೆ ಐದು ತಗಡಿನ ಡಬ್ಬಿ ಸಾಲಾಗಿ ಇಟ್ಟೆ. ಮುಚ್ಚಳದಲ್ಲೊಂದು ಸೀಳು. ಓದಲು ಬಾರದವರಿಗೂ ತಿಳಿಯಲೆಂದು ಪ್ರತಿ ಡಬ್ಬಿಯ ಮೇಲೆ ಕೊಡದ ಚಿತ್ರ ಅಂಟಿಸಿದೆ. ಮೊದಲನೆಯದು ಖಾಲಿ ಕೊಡ, ಎಂದರೆ ಯಾವತ್ತೂ ಇಲ್ಲ. ಕೊನೆಯದು ತುಂಬಿದ ಕೊಡ, ಯಾವಾಗಲೂ. ನಡುವೆ ಕಾಲು, ಅರ್ಧ, ಮುಕ್ಕಾಲು. ನಾನು ಪರದೆಯ ಈಚೆ ನಿಂತು ಪ್ರಶ್ನೆ ಓದಬೇಕು, ಅವರು ಒಬ್ಬೊಬ್ಬರೇ ಒಳಗೆ ಹೋಗಿ ಒಂದು ಹುಣಸೆಬೀಜ ಹಾಕಿ ಬರಬೇಕು. ಯಾರ ಬೀಜ ಯಾವುದೆಂದು ನನಗೂ ತಿಳಿಯದು. ಕತ್ತರಿಸುವ ವಿಭಾಗ, ಸಿಪ್ಪೆ ವಿಭಾಗ, ದರ್ಜೆ ವಿಭಾಗ, ಮೂರರದ್ದೂ ಬೇರೆ ಬೇರೆ ಎಣಿಕೆ. ಈ ಏರ್ಪಾಡಿನ ಬಗ್ಗೆ ನನಗೆ ತುಂಬ ಹೆಮ್ಮೆ ಇತ್ತು. ಮನುಷ್ಯ ಮರೆಯಲ್ಲಿ ನಿಜ ಹೇಳುತ್ತಾನೆ ಎಂಬುದು ನಮ್ಮ ವೃತ್ತಿಯ ದೊಡ್ಡ ನಂಬಿಕೆ.

ಸಿಪ್ಪೆ ವಿಭಾಗದ ಡಬ್ಬಿಗಳನ್ನು ಬಿಚ್ಚಿದಾಗ ಕೆಲಸಕ್ಕೆ ಹೊರಡುವ ಮನಸ್ಸಿನ ಪ್ರಶ್ನೆಗೆ ಬೀಜ ಕೊನೆಯ ಎರಡು ಡಬ್ಬಿಗಳಲ್ಲಿ ತುಂಬಿತ್ತು. ಮೈಕೈ ನೋವಿನ ಪ್ರಶ್ನೆಗೆ ಐದರಲ್ಲೂ ಚೆದುರಿತ್ತು, ಅದು ಸಹಜ. ಜೊತೆಯವರು ಕೈಜೋಡಿಸುತ್ತಾರೆಯೇ ಎಂಬುದಕ್ಕೆ ಮಾತ್ರ ಎಲ್ಲ ಬೀಜಗಳೂ ಖಾಲಿ ಕೊಡದ ಡಬ್ಬಿಯಲ್ಲಿದ್ದವು. ಮೇಲ್ವಿಚಾರಕಿ ಕಷ್ಟ ಕೇಳುತ್ತಾರೆಯೇ ಎಂಬುದಕ್ಕೂ ಅಷ್ಟೇ. ಡಬ್ಬಿ ಅದಲುಬದಲಾಗಿರಬೇಕೆಂದು ಜಾಗ ಬದಲಿಸಿಟ್ಟು ಮತ್ತೊಮ್ಮೆ ಕೇಳಿದೆ. ಅದೇ ಉತ್ತರ. ದಿನಕ್ಕೊಂದು ಜಗಳವಾಗುವ ಕತ್ತರಿಸುವ ವಿಭಾಗಕ್ಕೂ ಇದಕ್ಕಿಂತ ಒಳ್ಳೆಯ ಅಂಕ ಬಂದಿತ್ತು.

ಮಾಲಕರಿಗೆ ವಿಷಯ ಹೇಳಿದೆ. ಸಿಪ್ಪೆ ವಿಭಾಗದ ಮೇಲ್ವಿಚಾರಕಿ ಕೋಡಿ ಊರಿನವರು. ಹರೆಯದಲ್ಲೇ ಇಲ್ಲಿ ಬೀಜ ಸುಲಿಯಲು ಸೇರಿ, ಅದೇ ಮೇಜಿನಿಂದ ಮೇಲೆ ಬಂದವರು.

"ಅವ್ರನ್ನ ಆ ಕುರ್ಚೆಗೆ ಕೂರ್ಸಿದವ ನಾನೇ" ಎಂದರು ಮಾಲಕರು. "ಒಬ್ರ್ ಇಬ್ರ್ ಹೇಳಿದ್ರೆ ಕಿವಿಗ್ ಹಾಕಂತಿರ್ಲಿಲ್ಲೆ. ಎಲ್ಲರೂ ಹೇಳ್ರೆ ನಾನ್ ಎಂತ ಮಾಡುದ್ ಮಾರಾಯ್ರೆ?"

ಮುಂದಿನ ವಾರ ಖರೀದಿದಾರರ ಪ್ರತಿನಿಧಿ ಬರುವವರಿದ್ದರು. ಅಷ್ಟರೊಳಗೆ ಬ್ರಹ್ಮಾವರದಿಂದ ಒಬ್ಬ ತರುಣ ಮೇಲ್ವಿಚಾರಕ ಇಲ್ಲಿಗೆ ಬರುವುದು, ಇವರು ಅಲ್ಲಿಯ ಗೋದಾಮಿಗೆ ಹೋಗಿ ಗೋಣಿಚೀಲ ಕಾಯುವುದು ಎಂದು ತೀರ್ಮಾನವಾಯಿತು. ನನಗೆ ಸಮಾಧಾನವಿರಲಿಲ್ಲ. ಜನ ನಿಜ ಹೇಳಿದಾಗ ಉತ್ತರ ಚೆದುರುತ್ತದೆ. ಅಪ್ಪಟ ರಾಕ್ಷಸನಂಥ ಮುಖ್ಯಸ್ಥನ ಪರವಾಗಿಯೂ ಯಾರೋ ಒಬ್ಬರು ಅರ್ಧ ಕೊಡದ ಡಬ್ಬಿಗೆ ಬೀಜ ಹಾಕುತ್ತಾರೆ. ಎಲ್ಲ ಒಂದೇ ಕಡೆ ಬಿದ್ದಿವೆ ಎಂದರೆ ಅದು ಮಾತಾಡಿಕೊಂಡು ಹೇಳಿದ ಉತ್ತರ. ಪ್ರತಿನಿಧಿ ಬರುವವರೆಗೆ ಶೆಡ್ಡಿನಲ್ಲಿ ಕೂತು ನೋಡುತ್ತೇನೆ ಎಂದೆ. ಮಾಲಕರು ಕೂತ್ಕಣಿ ಎಂದರು, ಆದರೆ ತೀರ್ಮಾನ ಬದಲಿಸಲಿಲ್ಲ.

ಸಿಪ್ಪೆ ತೆಗೆಯುವುದು ದೂರದಿಂದ ನೋಡಿದರೆ ಸುಲಭ. ಕತ್ತರಿಸಿ ತೆಗೆದ ತಿರುಳು, ಬೋರ್ಮ ಎಂದು ಕರೆಯುವ ದೊಡ್ಡ ಒಲೆಯಲ್ಲಿ ಒಣಗಿ ಬರುತ್ತದೆ. ಅದರ ಮೈಗಂಟಿದ ಕೆಂಪು ಪೊರೆಯನ್ನು ಉಗುರು ಮತ್ತು ಪುಟ್ಟ ಚೂರಿಯಿಂದ ಬಿಡಿಸಬೇಕು, ತಿರುಳು ಒಡೆಯಬಾರದು. ಬೇಸಿಗೆಯಲ್ಲಿ ಬೆರಳು ತಾಗಿದರೆ ಪೊರೆ ಉದುರುತ್ತದೆ. ಈಗ ಮಳೆಗಾಲದ ಕೊನೆ, ಗಾಳಿಯಲ್ಲಿ ತೇವ, ಪೊರೆ ಗೋಂದು ಹಚ್ಚಿದಂತೆ ಅಂಟಿಕೊಂಡಿತ್ತು. ಪ್ರತಿಯೊಬ್ಬರ ಮುಂದೆ ಒಂದು ಟ್ರೇ, ಟ್ರೇಗೆ ತಗಡಿನ ಬಿಲ್ಲೆ. ಸಂಜೆ ತೂಕ, ತೂಕದಂತೆ ಕೂಲಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಒಬ್ಬರ ಟ್ರೇಯ ಬೀಜವನ್ನು ಇನ್ನೊಬ್ಬರ ಟ್ರೇಗೆ ಹಾಕಬಾರದು. ತುಂಡಾದ ತಿರುಳು ಯಾರ ಕೈಯದ್ದೆಂದು ತಿಳಿಯಲು ಈ ನಿಯಮ. ನಿಯಮ ಮುರಿದರೆ ಸುಲಿದವರಿಗೂ ಮೇಲ್ವಿಚಾರಕರಿಗೂ ಶಿಕ್ಷೆ.

ನಾನು ಕೂತ ದಿನ ನಗು ಕಡಿಮೆಯಾಯಿತು. ತ್ರಾಸಿಯವರ ಪಕ್ಕದಲ್ಲಿ ಬೈಂದೂರು ಕಡೆಯಿಂದ ಬರುವ, ದಿನ ತುಂಬುತ್ತ ಬಂದಿದ್ದ ಬಸುರಿಯೊಬ್ಬಳು ಕೂರುತ್ತಿದ್ದಳು. ಬೆರಳು ಊದಿ ಚೂರಿ ಹಿಡಿಯುವುದೇ ಅವಳಿಗೆ ಕಷ್ಟವಾಗಿತ್ತು. ನಡುನಡುವೆ ಎದ್ದು ಹೊರಗೆ ಹೋಗುತ್ತಿದ್ದಳು, ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಸಂಜೆ ಅವಳ ಟ್ರೇ ಅರ್ಧವೂ ಆಗಿರಲಿಲ್ಲ. ತೂಕ ಹಾಕುವಾಗ ಅವಳು ತಲೆ ಎತ್ತಲಿಲ್ಲ. ಮರುದಿನವೂ ಹಾಗೆಯೇ. ಅವಳ ಹಿಂದಿನ ವಾರದ ತೂಕ ಎಲ್ಲರಿಗೂ ಸಮನಾಗಿತ್ತು ಎಂದು ತೂಕದವನು ಹೇಳಿದಾಗ ನನಗೆ ಕಸಿವಿಸಿಯಾಯಿತು. ಎರಡೇ ದಿನದಲ್ಲಿ ಆದದ್ದೇನು? ಹೊಸದಾಗಿ ಬಂದದ್ದು ನಾನೊಬ್ಬಳೇ.

ಮೂರನೆಯ ದಿನ ಮಧ್ಯಾಹ್ನದ ಚಾ ಹೊತ್ತಿಗೆ ಮೇಲ್ವಿಚಾರಕಿ ನನ್ನ ಹತ್ತಿರ ಬಂದರು.

"ಮೇಡಂ, ನಿಮ್ಗ್ ಚಾ ಹೊರ್ಗ್ ಜಗಲಿಯಗ್ ಇಟ್ಟಿತ್ತ್" ಎಂದರು. "ಇಲ್ಲಿ ಸಿಪ್ಪೆ ಹುಡಿ ಬೀಳತ್ತ್. ಗಾಳಿಗ್ ಕೂಕಂಡ್ ನಿಧಾನ ಕುಡೀನಿ."

'ನಿಧಾನ' ಎಂಬುದನ್ನು ಅವರು ಸ್ವಲ್ಪ ಒತ್ತಿ ಹೇಳಿದರೋ ಏನೋ. ನಾನು ಹೊರಗೆ ಹೋಗಿ ಕೂತೆ. ಒಳಗೆ ಅವರ ಚಪ್ಪಲಿಯ ಸದ್ದು ಶೆಡ್ಡಿನ ಆ ತುದಿಯ ಕಿಟಕಿಯವರೆಗೆ ಹೋಯಿತು. ಆಮೇಲೆ ಕೆಳಗಿದ್ದ ಬಾಯ್ಲರಿನವನಿಗೆ ಬೈಗುಳ ಶುರುವಾಯಿತು. ಹೊಗೆ ಎಂತಕೆ ಹೀಂಗ್ ಬತ್ತಾ ಇತ್ತ್, ಕಟ್ಟಿಗೆ ಒಣಗ್ಸಿದ್ದಿಲ್ಯಾ, ನಿಂಗ್ ಕಣ್ಣ್ ಕಾಣುದಿಲ್ಯಾ ಎಂದು ದೊಡ್ಡ ದನಿಯಲ್ಲಿ, ಒಂದೇ ಸಮನೆ. ಅದೇ ಹೊತ್ತಿಗೆ ಒಳಗೆ ಮಾತು ನಿಂತು, ಒಣ ತಿರುಳು ತಗಡಿನ ಮೇಲೆ ಜಾರುವ ಸರಸರ ಸದ್ದು ಕೇಳಿತು. ಚಾ ಮುಗಿಸದೆ ಎದ್ದು ಬಾಗಿಲಿಗೆ ಬಂದೆ.

ಕೈಗಳು ಓಡಾಡುತ್ತಿದ್ದವು. ತ್ರಾಸಿಯವರ ಟ್ರೇಯಿಂದ ಒಂದು ಹಿಡಿ, ಎದುರಿನವರಿಂದ ಒಂದು ಹಿಡಿ, ಆಚೆಯವರಿಂದ ಇನ್ನೊಂದು. ಬಸುರಿಯ ಟ್ರೇ ತುಂಬುತ್ತಿತ್ತು. ಕಣ್ಣಿಗೆ ಪೊರೆ ಬಂದ ಇನ್ನೊಬ್ಬ ಮುದುಕಿಯದ್ದೂ ತುಂಬುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಉಪಕಾರ ಮಾಡುವವರ ಗತ್ತಿರಲಿಲ್ಲ, ಪಡೆದವಳಲ್ಲಿ ಸಂಕೋಚವೂ ಇರಲಿಲ್ಲ. ಕಿಟಕಿಯಲ್ಲಿ ಮೇಲ್ವಿಚಾರಕಿ ನಮಗೆಲ್ಲ ಬೆನ್ನು ಹಾಕಿ ನಿಂತಿದ್ದರು. ಕೆಳಗಿನ ಬಾಯ್ಲರಿನವನು ಇಷ್ಟು ವರ್ಷಗಳಿಂದ ಯಾಕೆ ಬೈಸಿಕೊಳ್ಳುತ್ತಿದ್ದಾನೆಂದು ಅವನಿಗಾದರೂ ಗೊತ್ತಿತ್ತೋ ಇಲ್ಲವೋ. ಸದ್ದು ನಿಂತ ಮೇಲೆ ಅವರ ಬೈಗುಳವೂ ನಿಂತಿತು. ಕೆಮ್ಮಿ, ಸೆರಗು ಸರಿಮಾಡಿಕೊಂಡು, ಆಮೇಲೆ ತಿರುಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

ಆ ಸಂಜೆ ಬಸ್ ನಿಲ್ದಾಣದವರೆಗೆ ಮೇಲ್ವಿಚಾರಕಿಯೂ ನಾನೂ ಜೊತೆಗೆ ನಡೆದೆವು.

"ನಟ್ಟಿ ಮಾಡೂಕ್ ಹೋಯಿದ್ರ್ಯಾ ನೀವ್?" ಎಂದು ಅವರು ಕೇಳಿದರು.

ಗದ್ದೆಯ ಅಂಚಿನಲ್ಲಿ ನಿಂತು ನೋಡಿದ್ದೇನೆ ಎಂದೆ.

"ಸಾಲಗ್ ಒಬ್ಳ್ ಹಿಂದ್ ಬಿದ್ರೆ ಎಡಬಲದವ್ರ್ ಅವ್ಳ ಪಾಲಿಗೂ ನಾಕ್ ಸಸಿ ಊರ್ತ್ರ್. ಅದ್ನ ಯಾರೂ ಸಹಾಯ ಅಂತ ಹೇಳುದಿಲ್ಲೆ. ಸಾಲ್ ಒಟ್ಟಿಗೇ ಹೋಯ್ಕ್, ಅಷ್ಟೇ. ಇಲ್ಲಿಗ್ ಬಪ್ಪವ್ರೆಲ್ಲ ಆ ಗದ್ದೆಯಿಂದ್ಲೇ ಬಂದವ್ರ್. ನಾನ್ ಮೊದ್ಲ್ ಬಸುರಿ ಆದಾಗ ನನ್ನ್ ಟ್ರೇಯೂ ಹಾಂಗೇ ತುಂಬಿತ್ತ್."

"ನಿಯಮ?"

"ನಾನ್ ಕಂಡ್ರೆ ತಡೀಕ್. ಕಾಣದಿದ್ರೆ ತಡೂದ್ ಹ್ಯಾಂಗೆ?" ಎಂದು ನಕ್ಕರು. "ದಿನಾ ಒಂದ್ ಸರ್ತಿ ಬಾಯ್ಲರ್ ಕಾಣುಕೆ ಹೋತೆ. ಅಷ್ಟೇ ನಾನ್ ಮಾಡುದ್."

ಆಗ ನನ್ನ ಡಬ್ಬಿಗಳ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ನನಗೆ ಹೊಳೆಯುವ ಮೊದಲೇ ಅವರಿಗೆ ಅದು ತಿಳಿದಿತ್ತು. ಬ್ರಹ್ಮಾವರಕ್ಕೆ ಹೋಗಬೇಕೆಂದು ಮಾಲಕರು ಅವರಿಗೆ ಆ ಬೆಳಿಗ್ಗೆಯೇ ಹೇಳಿದ್ದರು, ಕಾರಣವನ್ನೂ ಹೇಳಿದ್ದರು.

"ಜೊತೆಯವ್ರ್ ಕೈಜೋಡಿಸ್ತ್ರಾ ಅಂತ ಕೇಂಡ್ರಿ. ಹೌದ್ ಅಂದ್ರೆ ಟ್ರೇ ಸುದ್ದಿ ಹೊರ್ಗ್ ಬತ್ತ್. ಮೇಲ್ವಿಚಾರಕಿ ಕಷ್ಟ ಕೇಂತ್ರಾ ಅಂದ್ರಿ. ಹೌದ್ ಅಂದ್ರೆ ನಾನೂ ಅದ್ರಗ್ ಸೇರಿದ್ದೆ ಅಂತಾತ್ತ್. ಅದಕ್ಕೆ ಎಲ್ಲರೂ ಇಲ್ಲೆ ಅಂದ್ರ್. ನನ್ನ ಉಳ್ಸೂಕೆ ಅಂದದ್ದ್ ಅವ್ರ್."

ತಾವು ಅಕ್ಕ ಎಂದು ಕರೆಯುವ ಮೇಲ್ವಿಚಾರಕಿಯನ್ನು ಉಳಿಸಲು ಹೊರಟು ಆ ಹೆಂಗಸರೇ ಅವರನ್ನು ಹೊರಗೆ ಹಾಕಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಪ್ರಶ್ನೆ ಕಳಿಸಿದವರ ಮೇಲೆ, ನಿಯಮ ಬರೆದ ಗೋಡೆಯ ಮೇಲೆ, ಎಲ್ಲದರ ಮೇಲೂ.

"ನಾನ್ ಮಾಲಕರಿಗ್ ಹೇಳ್ತೆ" ಎಂದೆ.

ಅವರು ನಿಂತುಬಿಟ್ಟರು. "ಬ್ಯಾಡ. ನನ್ನ್ ಕುರ್ಚೆ ಹೋದ್ರೆ ಅಡ್ಡಿಲ್ಲೆ. ಟ್ರೇ ಸುದ್ದಿ ಹೇಳ್ರೆ ನಾಳೆಯಿಂದ ಕ್ಯಾಮೆರಾ ಬತ್ತ್, ಆ ಹೆಣ್ಣಿನ್ ತೂಕ ಯಾರ್ ತುಂಬ್ಸೂದ್? ಮತ್ತೆ ಇನ್ನೊಂದ್. ನನ್ನ ಕಳ್ಸೂಕೆ ಕಾರಣ ತಾವೇ ಅಂತ ಅವ್ರಿಗ್ ಗೊತ್ತಾಪ್ಪುಕಾಗ. ಗೊತ್ತಾರೆ ಅವ್ರಿಗ್ ಉಂಬುಕ್ ಸೇರ."

ತನ್ನ ಕೆಲಸ ಹೋಗುವ ಹೊತ್ತಿನಲ್ಲಿ ಈ ಹೆಂಗಸು ಲೆಕ್ಕ ಹಾಕುತ್ತಿದ್ದದ್ದು ಬೇರೆಯವರ ತೂಕ, ಬೇರೆಯವರ ಊಟ. ಎಷ್ಟೋ ಕಚೇರಿಗಳಲ್ಲಿ ನಾಯಕತ್ವದ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ಕೆಲವನ್ನು ನಾನೇ ಮಾಡಿದ್ದೇನೆ. ಆ ಸಂಜೆ ಹೆಮ್ಮಾಡಿಯ ರಸ್ತೆ ಬದಿಯಲ್ಲಿ ಅವರ ಪಕ್ಕ ನಿಲ್ಲುವುದೇ ನನಗೊಂದು ಗೌರವ ಅನ್ನಿಸಿತು. ಟ್ರೇ ಸುದ್ದಿ ನನ್ನ ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟೆ. ಹೆಂಗಸರಿಗೆ ಕಾರಣ ತಿಳಿಯಬಾರದೆಂಬ ಇನ್ನೊಂದಕ್ಕೆ ಕೊಡಲಿಲ್ಲ. ಅವರು ಅದನ್ನು ಗಮನಿಸಿದರು, ಅಷ್ಟರಲ್ಲಿ ಕುಂದಾಪುರದ ಬಸ್ಸು ಬಂತು.

ಮರುದಿನ ಮಾಲಕರ ಹತ್ತಿರ ಹೋಗಿ ಆ ಎರಡು ಪ್ರಶ್ನೆಗಳನ್ನು ಅಳತೆಯಿಂದ ಕೈಬಿಡಬೇಕು, ಉತ್ತರ ನಂಬುವ ಹಾಗಿಲ್ಲ ಎಂದೆ.

"ಎಂತಕೆ?"

"ಕಾರಣ ಹೇಳೂಕಾತಿಲ್ಲೆ."

"ಲೆಕ್ಕ ಸಮಾ ಬಾರ್ದಿದ್ರೆ ಪ್ರಶ್ನೆಯನ್ನೇ ತೆಗೆದ್ ಹಾಕೂದಾ? ಕಡೆಗ್ ನಾನ್ ತುಂಡ್ ಬೀಜ ತೆಗೆದ್ ಹಾಕಿ ಎಲ್ಲ ಇಡಿ ಅಂತ ಹೇಳ್ರೆ ನೀವ್ ಒಪ್ತ್ರ್ಯಾ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಗೆ ಕೈಬಿಟ್ಟಿದ್ದರೆ ಖರೀದಿದಾರರೂ ಒಪ್ಪುತ್ತಿರಲಿಲ್ಲ. ನನ್ನ ಮುಂದೆ ಉಳಿದದ್ದು ಒಂದೇ ದಾರಿ. ಅಳತೆಯ ಫಲಿತಾಂಶ ಮೊದಲು ಮಾಲಕರ ಕೈಗೆ, ಆಮೇಲೆ ಖರೀದಿದಾರರ ಕೈಗೆ ಹೋಗುತ್ತದೆ. ಉತ್ತರ ಕೊಟ್ಟವರಿಗೆ ಅದು ಬಂದು ಮುಟ್ಟುವುದೇ ಇಲ್ಲ. ಹೀಗೆಯೇ ನಡೆದುಕೊಂಡು ಬಂದಿದೆ. ಅದನ್ನು ಈ ಸಲ ಮುರಿಯಬೇಕೆಂದು ತೀರ್ಮಾನಿಸಿದೆ.

"ಹಾಂಗಾರೆ ನೀವ್ ಸಹಿ ಹಾಕೂಕ್ ಮೊದ್ಲ್ ಅವ್ರೆದ್ರೇ ಇದನ್ನ ಓದ್ತೆ" ಎಂದೆ. "ನೀವೂ ಇರಿ. ಎಂತ ತೀರ್ಮಾನ ಆಯಿತ್ತ್ ಅಂತ್ಲೂ ಅಲ್ಲೇ ಹೇಳಿ. ಅವ್ರ್ ಹೇಳಿದ್ದ್ ಎಲ್ಲಿಗ್ ಮುಟ್ಟಿತ್ ಅಂತ ಅವ್ರಿಗೂ ಗೊತ್ತಾಯ್ಕ್."

ಮಾಲಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಲಸದವರಿಗೆ ಹೇಳದೆ ಒಬ್ಬರನ್ನು ತೆಗೆಯುವುದು ಅವರಿಗೂ ಇಷ್ಟವಿರಲಿಲ್ಲ ಎಂದು ಕಾಣುತ್ತದೆ. "ಆಯ್ತ್, ಓದಿ" ಎಂದರು.

ಊಟ ಮುಗಿದು ಎಲ್ಲರೂ ಮೇಜಿಗೆ ಮರಳಿದ ಹೊತ್ತು. ಶೆಡ್ಡಿನ ನಡುವೆ ನಾನು, ಬಾಗಿಲ ಹತ್ತಿರ ಮಾಲಕರು, ಕೊನೆಯ ಮೇಜಿನ ಪಕ್ಕ ಮೇಲ್ವಿಚಾರಕಿ. ಬೆಳಿಗ್ಗೆ ಎದ್ದಾಗ ಕೆಲಸಕ್ಕೆ ಹೊರಡುವ ಮನಸ್ಸು ನಿಮಗೆ ಹೆಚ್ಚಾಗಿ ಇರುತ್ತದೆ ಎಂದು ಓದಿದಾಗ ಯಾರೋ "ಮನೆಯಗ್ ಅತ್ತೆ ಇದ್ರೆ ಮತ್ತೆಂತ" ಎಂದರು, ಶೆಡ್ಡೆಲ್ಲ ನಕ್ಕಿತು. ಆಮೇಲೆ ಆ ಎರಡನ್ನು ಓದಿದೆ. ಕೆಲಸ ಕಷ್ಟವಾದಾಗ ಜೊತೆಯವರು ಯಾವತ್ತೂ ಕೈಜೋಡಿಸುವುದಿಲ್ಲ. ನಿಮ್ಮ ಕಷ್ಟವನ್ನು ಮೇಲ್ವಿಚಾರಕಿ ಯಾವತ್ತೂ ಕೇಳುವುದಿಲ್ಲ. ಎಲ್ಲರದ್ದೂ ಒಂದೇ ಉತ್ತರ.

ನಗು ನಿಂತಿತು. ಮೇಲ್ವಿಚಾರಕಿಯ ಮುಖ ನೋಡಿದೆ. ತಮ್ಮ ಬಗ್ಗೆ ಅಂಥ ಮಾತನ್ನು ಎಲ್ಲರೆದುರು ಕೇಳಿಸಿಕೊಳ್ಳುತ್ತಿದ್ದ ಅವರ ಮುಖದಲ್ಲಿ ನೋವಿರಲಿಲ್ಲ, ಮಕ್ಕಳು ಕೆಟ್ಟ ಕೆಲಸವನ್ನು ಒಳ್ಳೆಯ ಮನಸ್ಸಿನಿಂದ ಮಾಡಿದಾಗ ತಾಯಿಗೆ ಇರುವಂಥ ಕನಿಕರ ಇತ್ತು.

ಮಾಲಕರು ಎರಡು ಹೆಜ್ಜೆ ಮುಂದೆ ಬಂದರು. "ನೀವ್ ಹೇಳಿದ್ದ್ ನಾನ್ ಕೇಂಡೆ. ಮುಂದಿನ ವಾರದಿಂದ ಇವ್ರ್ ಬ್ರಹ್ಮಾವರಕ್ಕ್ ಹೋತ್ರ್, ಗೋದಾಮ್ ಕಾಂಬುಕೆ. ನಿಮ್ಗ್ ಬೇರೆ ಮೇಲ್ವಿಚಾರಕ ಬತ್ರ್."

ಯಾರದ್ದೋ ಚೂರಿ ನೆಲಕ್ಕೆ ಬಿತ್ತು. ಬಸುರಿ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಒಬ್ಬರ ಮುಖವನ್ನು ಒಬ್ಬರು ನೋಡಿದರು, ಕಡೆಗೆ ಎಲ್ಲರೂ ತ್ರಾಸಿಯವರನ್ನು ನೋಡಿದರು. ಅವರು ಎದ್ದು ನಿಂತರು. ಮೊದಲ ದಿನ ನನಗೆ ಹೆಸರಿಟ್ಟ ಬಾಯಿ ಅದು, ಆದರೆ ಈಗ ಅದರಲ್ಲಿ ತಮಾಷೆ ಇರಲಿಲ್ಲ.

"ಮೇಡಂ, ನಿಮ್ಮ್ ಡಬ್ಬಿ ಎಲ್ಲಿತ್ತ್?"

"ಕೋಣೆಯಗ್ ಇತ್ತ್. ಪರದೆ ಕಟ್ತೆ, ಸ್ವಲ್ಪ ತಡೀನಿ" ಎಂದೆ.

"ಪರದೆ ಬ್ಯಾಡ. ಇಲ್ಲಿ ತಕಂಡ್ ಬನ್ನಿ. ಸಾರ್ ಕಾಣ್ಲಿ."

ಐದೂ ಡಬ್ಬಿಗಳನ್ನು ತಂದು ನಡುಮೇಜಿನ ಮೇಲಿಟ್ಟೆ. ನಾನು ಕಲಿತ ವಿದ್ಯೆಯ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಯಜಮಾನನ ಕಣ್ಣೆದುರು, ಎಲ್ಲರೂ ನೋಡುತ್ತಿರುವಾಗ ಉತ್ತರ ಹೇಳಿಸುವುದು. ಆದರೂ ಡಬ್ಬಿಗಳ ಚಿತ್ರ ಅವರ ಕಡೆ ಕಾಣುವಂತೆ ತಿರುಗಿಸಿ ಹಿಂದೆ ಸರಿದೆ. ಹುಣಸೆಬೀಜ ತಂದಿರಲಿಲ್ಲ ಎಂಬುದು ಆಗಲೇ ನೆನಪಾದದ್ದು. ತ್ರಾಸಿಯವರು ಅದಕ್ಕೆ ಕಾಯಲಿಲ್ಲ. ತಮ್ಮ ಟ್ರೇಯಿಂದ ಒಂದು ಇಡಿ ತಿರುಳನ್ನು ಆರಿಸಿ ತೆಗೆದರು.

"ಸಾರ್, ಗೋಡೆ ಮೇಲೆ ಬರ್ದದ್ದ್ ನಮ್ಗ್ ಗೊತ್ತಿತ್ತ್. ನಮ್ಮ್ ಟ್ರೇ ನಮ್ಮೊಬ್ರದ್ದೇ ಅಲ್ಲ. ಕೈ ಆಗದವ್ರಿಗ್ ನಾವ್ ಹಾಕ್ತ್, ನಮ್ಗ್ ಆಗದಿದ್ದಾಗ ಅವ್ರ್ ಹಾಕ್ತ್ರ್. ಬೈಯುದಾರೆ ನಮ್ಗ್ ಬೈಯ್ನಿ. ಅಕ್ಕ ಕಂಡದ್ದಿಲ್ಲೆ. ಅಕ್ಕಂಗ್ ಕಾಂಬುಕೆ ನಾವ್ ಬಿಟ್ಟದ್ದೂ ಇಲ್ಲೆ."

ತುಂಬಿದ ಕೊಡದ ಚಿತ್ರವಿದ್ದ ಡಬ್ಬಿಗೆ ಅದನ್ನು ಹಾಕಿದರು. ಖಾಲಿ ತಗಡಿನಲ್ಲಿ ಟಣ್ ಎಂದಿತು.

ಆಮೇಲೆ ಎದುರಿನವರು ಎದ್ದರು. ಅವರ ನಂತರ ಕನ್ನಡಕದವರು. ಒಬ್ಬೊಬ್ಬರೂ ತಮ್ಮ ತಮ್ಮ ಟ್ರೇಯಿಂದ ಒಡೆಯದ ಒಂದೊಂದು ತಿರುಳು ತಂದು ಅದೇ ಡಬ್ಬಿಗೆ ಹಾಕಿ ಹೋದರು. ಕಣ್ಣು ಮಸುಕಾದ ಮುದುಕಿ ಡಬ್ಬಿಯನ್ನು ಕೈಯಿಂದ ತಡವಿ ಸೀಳು ಹುಡುಕಿದರು. ಬಸುರಿ ಮೇಜು ಹಿಡಿದು ಎದ್ದು ನಿಧಾನವಾಗಿ ನಡೆದು ಬಂದಳು, ಅಷ್ಟು ಹೊತ್ತೂ ಯಾರೂ ಅವಳನ್ನು ಅವಸರಿಸಲಿಲ್ಲ. ನನ್ನ ಕಣ್ಣು ತುಂಬಿ ಬಂದದ್ದನ್ನು ನಾನು ಮುಚ್ಚಿಡಲಿಲ್ಲ. ಮರೆಯಲ್ಲಿ ನಿಂತು ಸುಳ್ಳು ಹೇಳಿದವರು, ಕಳೆದುಕೊಳ್ಳುವುದು ತಮ್ಮದೇ ಎಂದು ಗೊತ್ತಿದ್ದೂ ಬಯಲಿನಲ್ಲಿ ನಿಂತು ನಿಜ ಹೇಳುತ್ತಿದ್ದರು.

ಮೇಲ್ವಿಚಾರಕಿ ಎಲ್ಲಿ ಎಂದು ನೋಡಿದೆ. ಅವರು ಯಾವಾಗಲೋ ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತಿದ್ದರು. ಈ ಸಲ ಬಾಯ್ಲರಿನವನಿಗೆ ಬೈಯುತ್ತಿರಲಿಲ್ಲ. ಭುಜಗಳು ಮಾತ್ರ ಅಲುಗುತ್ತಿದ್ದವು.

ಮಾಲಕರು ಕೊನೆಯವರು ಹಾಕುವವರೆಗೂ ಕದಲಲಿಲ್ಲ. ಗೋಡೆಯ ಮೇಲಿನ ಬರಹ ನೋಡಿದರು, ಬಸುರಿಯ ಟ್ರೇ ನೋಡಿದರು, ಆಮೇಲೆ ಆ ಬೆನ್ನನ್ನು ನೋಡಿದರು. ಅವರಿಗೆ ಯಾವಾಗ ಅರ್ಥವಾಯಿತೆಂದು ನನಗೆ ಗೊತ್ತಿಲ್ಲ. ಮೇಜುಗಳ ನಡುವೆ ನಡೆದುಕೊಂಡು ಹೋಗಿ ಕಿಟಕಿಯಲ್ಲಿ ಮೇಲ್ವಿಚಾರಕಿಯ ಪಕ್ಕ ನಿಂತರು.

"ಇಲ್ಲಿಂದ ಎಂತ ಕಾಣತ್ತ್?" ಎಂದು ಕೇಳಿದರು.

"ಎಂತ ಇಲ್ಲೆ ಸಾರ್. ಬಾಯ್ಲರಿನ ಹೊಗೆ."

"ಹೌದಾ." ಎರಡೂ ಕೈ ಹಿಂದೆ ಕಟ್ಟಿಕೊಂಡು ಹೊರಗೆ ನೋಡಿದರು. "ಹೊಗೆ ಸಮಾ ಬತ್ತಾ ಇಲ್ಲೆ ಕಾಣಿ. ದಿನಾ ಹೀಂಗೇ ಕಾಣ್ತಾ ಇರ್ಕ್ ನೀವ್. ಬ್ರಹ್ಮಾವರದ ಗೋದಾಮಿಗೆ ಬೇರೆ ಯಾರಾರೂ ಹೋಯ್ಲಿ. ಮೇಡಂ ಇವತ್ತಿನ ಡಬ್ಬಿ ಲೆಕ್ಕವನ್ನೇ ಬರೀಲಿ."

ಮಾಲಕರು ತಿರುಗಲಿಲ್ಲ. ಕಟ್ಟಿಗೆ ಒಣಗಿದ್ದಿಲ್ಯಾ ಎಂದು ಕೆಳಗಿನವನನ್ನು ಕೇಳತೊಡಗಿದರು, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ. ಬೈಯುವ ಅಭ್ಯಾಸವಿಲ್ಲದ ಅವರಿಗೆ ಮಾತು ಸಾಲದೆ ಹೇಳಿದ್ದನ್ನೇ ಹೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತ್ರಾಸಿಯವರ ಕೈ ತಮ್ಮ ಟ್ರೇಯಿಂದ ಒಂದು ಹಿಡಿ ಎತ್ತಿಕೊಂಡು ಪಕ್ಕಕ್ಕೆ ಸರಿಯಿತು. ಸರಸರ ಸದ್ದು ಶುರುವಾಯಿತು.

ನಾನೂ ಬಾಗಿಲ ಕಡೆಗೆ ಮುಖ ಮಾಡಿ ನಿಂತೆ.